ದೋನ್ ಎವಾರಿಸ್ತೊನ ಸನ್ಮಾನ

ಸಾನ್ ಬೆನಿತೊ ಊರಿನ ಬೇಸ್‌ಬಾಲ್ ತಂಡಕ್ಕೆ ದೋನ್ ಎವಾರಿಸ್ತೊ ಮ್ಯಾನೇಜರಾಗಿ ಇಪ್ಪತ್ಮೂರು ವರ್ಷ ತುಂಬಿತು. ಅಷ್ಟರಲ್ಲಿ ತಂಡ ಗೆದ್ದ ಕಪ್ಪುಗಳು ಸೊನ್ನೆ. ಆದರೂ ಅವನ ಕುರ್ಚಿ ಅಲ್ಲಾಡಲಿಲ್ಲ. ಕ್ಲಬ್ಬಿನ ಅಧ್ಯಕ್ಷ ಸಲೊಮೋನನ ಅಕ್ಕನನ್ನೇ ಮದುವೆಯಾದವನನ್ನು ಅಲ್ಲಾಡಿಸುವವರು ಯಾರು?

ಅಷ್ಟೂ ವರ್ಷ ಮೂರನೇ ಬೇಸಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಅವನನ್ನು ಬೈದವಳು ಉಬಾಲ್ದಿನಾ. ಬೇಯಿಸಿದ ಮರಗೆಣಸು, ಹುರಿದ ಹಂದಿಚರ್ಮ, ಎಲೆಕೋಸನ್ನು ಬಾಳೆಲೆಯಲ್ಲಿಟ್ಟು ಮಾರುವುದು ಅವಳ ಕಸುಬು. ಮ್ಯಾನೇಜರಿಗೆ ಬುದ್ಧಿ ಹೇಳುವುದು ಅವಳ ಧರ್ಮ. "ಪಿಚರನ್ನ ಬದಲಾಯಿಸೋ, ತೂಕಡಿಸೋನೆ!" ಎಂದು ಅವಳು ಕೂಗಿದರೆ ಎದುರಾಳಿಗಳೂ ನಗುತ್ತಿದ್ದರು.

ಭಾನುವಾರದ ಪಂದ್ಯಕ್ಕೆ ಮುಂಚೆ ಸನ್ಮಾನವೆಂದು ನಿಶ್ಚಯವಾಯಿತು. ಸಲೊಮೋನ್ ತಾನೇ ಅವಳ ಬಳಿ ಬಂದ.

"ಅಭಿಮಾನಿಗಳ ಪರವಾಗಿ ನೀವೇ ನಾಲ್ಕು ಮಾತಾಡ್ಬೇಕು, ದೋನ್ಯಾ ಉಬಾಲ್ದಿನಾ. ನಿಮಗಿಂತ ಹಳಬರು ಯಾರೂ ಬದುಕಿಲ್ಲ."

"ಹೊಗಳ್ಬೇಕಾ?"

"ಮತ್ತೇನು, ಬೈತೀರಾ?"

ಉಬಾಲ್ದಿನಾ ಇಸ್ತ್ರಿ ಮಾಡಿದ ಲಂಗ ತೊಟ್ಟು ಮೈಕ್ ಹಿಡಿದಳು. "ದೋನ್ ಎವಾರಿಸ್ತೊ ಅವರ ತಾಳ್ಮೆ ಯಾರಿಗಿದೆ? ಚೆಂಡೆಲ್ಲ ಗೋಡೆ ದಾಟಿ ಹೋಗ್ತಿದ್ರೂ ಇವರು ಕಡ್ಲೇಕಾಯಿ ಸುಲೀತಿರ್ತಾರೆ. ಎಂಥಾ ಕುಟುಂಬಪ್ರೀತಿ! ಅಳಿಯನ ಬ್ಯಾಟಿಗೆ ಎರಡು ವರ್ಷದಿಂದ ಚೆಂಡು ತಾಗಿಲ್ಲ, ಆದ್ರೂ ಬಲಿಷ್ಠ ಹೊಡೆತಗಾರನಿಗೆ ಸಲ್ಲೋ ನಾಲ್ಕನೇ ಬ್ಯಾಟು ಅವನದೇ. ದೇವರು ಇವರಿಗೆ ಇನ್ನೂ ಇಪ್ಪತ್ಮೂರು ವರ್ಷ ಕೊಡ್ಲಿ, ಬೇರೆ ಊರಲ್ಲಿ!"

ಮೈದಾನವೆಲ್ಲ ಹೋ ಎಂದಿತು. ಎವಾರಿಸ್ತೊ ಮಾತ್ರ ನಿಜವಾಗಿ ಕಣ್ಣೊರೆಸಿಕೊಳ್ಳುತ್ತ ಎದ್ದ.

"ಇವತ್ತು ಒಂದು ನಿಜ ಹೇಳ್ಬಿಡ್ತೀನಿ. ನನಗೆ ಈ ಆಟ ಅಷ್ಟಾಗಿ ತಿಳಿಯಲ್ಲ. ಭಾವಮೈದ ಕೂರಿಸ್ದ, ಕೂತೆ. ಮೊದಲ ದಿನದಿಂದ ಈ ದೋನ್ಯಾ ಏನು ಕೂಗ್ತಾರೋ ಅದನ್ನೇ ಮಾಡ್ಕೊಂಡು ಬಂದೆ. ತಾಳ್ಮೆ ಎಲ್ಲಿಂದ ಬಂತು? ಅವರು ಕೂಗೋವರೆಗೂ ಕಾಯ್ತಿದ್ದೆ, ಅಷ್ಟೇ. ಆ ಫೈನಲಿನಲ್ಲೂ ಎಡಚ ಪಿಚರನ್ನ ಇಳಿಸು ಅಂದ್ರು, ಇಳಿಸ್ದೆ. ಅಳಿಯನ ವಿಷಯ ಒಂದ್ರಲ್ಲಿ ಮಾತ್ರ ಹೆಂಡ್ತಿ ಮಾತು ಕೇಳ್ದೆ."

ಊರು ಕಂಡ ಒಂದೇ ಒಂದು ಫೈನಲ್ ಅದು. ಎಡಚ ಎಸೆದ ಮೊದಲ ಚೆಂಡೇ ಗೋಡೆ ದಾಟಿ ಕಪ್ಪು ಕೈತಪ್ಪಿತ್ತು. ಅವಳ ಪಕ್ಕದಲ್ಲೇ ವರ್ಷಾನುಗಟ್ಟಲೆ ಕೂತಿದ್ದ ಕ್ಷೌರಿಕ ಫುಲ್ಹೆನ್ಸಿಯೊ ಮೊದಲು ಬಾಯಿಬಿಟ್ಟ. "ಹಾಗಾದ್ರೆ ನಮ್ಮನ್ನ ಮುಳುಗ್ಸಿದ್ದು ನೀನೇನೇ, ಮುದುಕಿ?"

ಸಾವಿರ ತಲೆಗಳು ಅವಳತ್ತ ತಿರುಗಿದವು. ಉಬಾಲ್ದಿನಾಳಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಆದರೆ ಮೆಟ್ಟಿಲಿಗೆ ಮರಳುವಷ್ಟರಲ್ಲಿ, ಇಷ್ಟು ವರ್ಷ ತಂಡ ನಡೆಸಿದ್ದು ತಾನೇ ಎಂಬ ಹೆಮ್ಮೆಯೂ ಒಳಗೆಲ್ಲೋ ಮಿಸುಕಾಡಿತು.

ಅಂದಿನ ಪಂದ್ಯದಲ್ಲಿ ಅವಳು ತುಟಿ ಬಿಚ್ಚಲಿಲ್ಲ. ಏಳನೇ ಇನ್ನಿಂಗ್ಸಿನಲ್ಲಿ ಚೆಂಡು ಎಸೆದೆಸೆದು ಪಿಚರ್ ಸುಸ್ತಾದ, ಮೂರು ಬೇಸೂ ಎದುರಾಳಿಗಳಿಂದ ತುಂಬಿದವು. ಎವಾರಿಸ್ತೊ ಅವಳತ್ತ ನೋಡಿದ. "ಕೂಗೇ!" ಎಂದರು ಅರ್ಧ ಜನ. "ಕೂಗಿದ್ರೆ ನೋಡು!" ಎಂದರು ಉಳಿದರ್ಧ. ಅವಳು ತಲೆ ತಗ್ಗಿಸಿ ಎಲೆಕೋಸು ಹೆಚ್ಚುತ್ತಲೇ ಇದ್ದಳು. ಅವನು ಕಾದ. ಕಾಯುತ್ತಲೇ ಇದ್ದ. ಅಷ್ಟರಲ್ಲಿ ಎದುರಾಳಿಗಳು ಹನ್ನೊಂದು ಓಟ ಬಾರಿಸಿದರು.

"ಒಂದು ಮಾತು ಕೂಗಿದ್ರೆ ಉಳ್ಕೊಳ್ತಿದ್ವಲ್ಲೇ!" ಫುಲ್ಹೆನ್ಸಿಯೊ ಹಲುಬಿದ.

ಎವಾರಿಸ್ತೊನ ಅವಧಿಯನ್ನು ಇನ್ನೈದು ವರ್ಷ ಮುಂದುವರಿಸಲಾಗಿದೆ ಎಂದು ಧ್ವನಿವರ್ಧಕ ಸಾರಿತು. ಉಬಾಲ್ದಿನಾ ಬುಟ್ಟಿಯನ್ನು ತಲೆಗೇರಿಸಿಕೊಂಡಳು.

"ಐದು ವರ್ಷ ಇದಾನಲ್ಲ," ಎಂದಳು. "ಮೊದಲು ಆ ಅಳಿಯನನ್ನ ಆಟದಿಂದ ತೆಗೆಸಿ ಬೆಂಚಿನ ಮೇಲೆ ಕೂರಿಸ್ತೀನಿ."