ಹದ್ದಕ್ಕನ ಕಾವಲು

ಅತ್ತೆಗೆ ಆ ಪರೀಕ್ಷೆಯ ಮೇಲೆ ಮೊದಲಿನಿಂದಲೂ ನಂಬಿಕೆಯಿರಲಿಲ್ಲ. ಹಾಲ್ ಇಲ್ಲ, ಗಂಟೆ ಇಲ್ಲ, ನಡುವೆ ಓಡಾಡುವ ಮೇಷ್ಟ್ರಿಲ್ಲ. ಮನೆಯ ಮೂಲೆಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಬರೆದರೆ ಪದವಿ ಕೊಡುತ್ತಾರಂತೆ! ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು ಎಂದು ಅವರ ಲೆಕ್ಕ.

ಅವರು ಇದನ್ನು ಬಾಯಿಚಪಲಕ್ಕೆ ಹೇಳುತ್ತಿರಲಿಲ್ಲ. ಕಾಲೇಜೊಂದರಲ್ಲಿ ಅಟೆಂಡರ್ ಆಗಿ ಆಯುಷ್ಯ ಸವೆಸಿದವರು. ಪರೀಕ್ಷೆ ಬಂತೆಂದರೆ ಹಾಲಿನ ಬಾಗಿಲಲ್ಲಿ ಹುಡುಗಿಯರನ್ನು ತಪಾಸಣೆ ಮಾಡುವ ಕೆಲಸ ಅವರದೇ. ತೋಳು ಅಗಲಿಸಿ ನಿಲ್ಲಿಸಿ, ಅಂಗಿಯ ಮಡಿಕೆ, ತುರುಬು, ಚಪ್ಪಲಿಯ ಅಡಿ ಯಾವುದನ್ನೂ ಬಿಡುತ್ತಿರಲಿಲ್ಲ. ಆಮೇಲೆ ಒಳಗೂ ಸಾಲುಗಳ ನಡುವೆ ಕಾವಲು ಸುತ್ತುತ್ತಿದ್ದರು. ಹುಡುಗಿಯರು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು. ಬೆನ್ನ ಹಿಂದೆ ಎಲ್ಲರೂ ಹದ್ದಕ್ಕ ಎನ್ನುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದರೆ ಅವರಿಗೆ ಒಳಗೊಳಗೇ ಖುಷಿ.

ಸೊಸೆಗೆ ಔಷಧಿ ಅಂಗಡಿಯಲ್ಲಿ ಕೆಲಸ. ಗಂಡ ಲಾರಿ ಓಡಿಸುವವನು, ಮನೆಯಲ್ಲಿರುವುದಕ್ಕಿಂತ ರಸ್ತೆಯ ಮೇಲಿರುವುದೇ ಹೆಚ್ಚು. ಕಾಲೇಜಿಗೆ ಹೋಗಬೇಕೆಂದರೆ ಕೆಲಸ ಬಿಡಬೇಕು, ಕೆಲಸ ಬಿಟ್ಟರೆ ಮನೆ ನಡೆಯದು. ಹಾಗಾಗಿ ಮನೆಯಿಂದಲೇ ಓದುವ ಕೋರ್ಸು ಶುರುವಾದಾಗ ಅವಳು ಹಿಂದೆಮುಂದೆ ನೋಡದೆ ಸೇರಿಕೊಂಡಿದ್ದಳು. ಈಗ ಉಳಿದಿದ್ದು ಕೊನೆಯ ವರ್ಷದ ಕೊನೆಯ ವಿಷಯ. ಪಾಸಾದರೆ ಪದವಿ. ನಕಲು ಹೊಡೆದು ಸಿಕ್ಕಿಬಿದ್ದರೆ ಕೋರ್ಸಿನಿಂದಲೇ ಹೊರಗೆ, ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಅತ್ತೆ, ಪರೀಕ್ಷೆ ಮುಗಿಯೋವರೆಗೂ ಒಳಗೆ ಬರಬೇಡಿ. ಕೋಣೇಲಿ ನಾನೊಬ್ಳೇ ಇರ್ಬೇಕು. ಕ್ಯಾಮೆರಾ ನೋಡ್ತಾ ಇರತ್ತೆ."

"ಆ ಕ್ಯಾಮೆರಾಗೆ ಮೇಜಿನ ಕೆಳಗೆ ಕಾಣತ್ತೇನೇ?"

"ಇಲ್ಲ, ಕಾಣಲ್ಲ."

ಅಷ್ಟು ಸಾಕಾಯಿತು. ಸೊಸೆ ಬಾಗಿಲು ಮುಂದೆ ಮಾಡಿಕೊಂಡಳು. ಆ ಬಾಗಿಲಿಗೆ ಚಿಲಕವಿರಲಿಲ್ಲ. ಅತ್ತೆ ಹೊರಗೆ ಸೊಪ್ಪು ಬಿಡಿಸುತ್ತ ಕೂತರು. ಕೈ ಸೊಪ್ಪಿನಲ್ಲಿ, ಕಿವಿ ಬಾಗಿಲಲ್ಲಿ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗುಸುಗುಸು ಕೇಳಿಸಿತು. ಒಬ್ಬಳೇ ಇರುವವಳು ಯಾರ ಜೊತೆ ಮಾತಾಡುತ್ತಾಳೆ? ಬಾಗಿಲ ಸಂದಿಗೆ ಕಣ್ಣಿಟ್ಟರು. ಸೊಸೆಯ ತುಟಿ ಅಲುಗುತ್ತಿತ್ತು, ಎಡಗೈ ಮೇಜಿನ ಕೆಳಗಿತ್ತು.

ಹದ್ದಕ್ಕನ ಮನೆಯಲ್ಲೇ ನಕಲು! ಅವರ ಮೈ ಉರಿದುಹೋಯಿತು. ಒಳಗೆ ಯಾರೂ ಬರಬಾರದೆಂಬುದು ಅವರಿಗೆ ನೆನಪಿತ್ತು. ಆದರೆ ಕಾವಲಿನವರನ್ನು ಆ 'ಯಾರೂ' ಎಂಬುದರಲ್ಲಿ ಯಾವ ಕಾಲೇಜಾದರೂ ಸೇರಿಸಿದ್ದುಂಟೇ? ಹಿಮ್ಮಡಿ ಊರದೆ, ಸದ್ದಿಲ್ಲದೆ, ಹಾಲಿನಲ್ಲಿ ನಡೆಯುತ್ತಿದ್ದ ಹಾಗೆಯೇ ಹಿಂದಿನಿಂದ ನಡೆದು ಬಂದರು. ಹಾಸಿಗೆ ಎತ್ತಿ ನೋಡಿದರು. ಬಗ್ಗಿ ಮೇಜಿನ ಕೆಳಗೆ ನೋಡಿದರು. ಚೀಟಿಯಿಲ್ಲ, ಫೋನಿಲ್ಲ. ಸೊಸೆ ಹಿಂದೆ ಯಾರೋ ಇದ್ದಾರೆಂಬ ಅರಿವೂ ಇಲ್ಲದೆ ಬೆರಳು ಮಡಿಸಿ ಏನನ್ನೋ ಎಣಿಸುತ್ತಿದ್ದಳು, ಅಷ್ಟೇ. ಓದಿದ್ದನ್ನು ನೆನಪು ಮಾಡಿಕೊಳ್ಳುವ ಗುಸುಗುಸು ಅದು.

ಅತ್ತೆಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ಸಂತೋಷದಲ್ಲಿ ಸೊಸೆಯ ಹೆಗಲ ಮೇಲಿಂದ ಬಗ್ಗಿ, ಅವಳು ಬರೆದ ಸಾಲಿನ ಮೇಲೆ ಬೆರಳಿಟ್ಟು, ಹಾಲಿನಲ್ಲಿ ಒಳ್ಳೆಯ ಹುಡುಗಿಯರಿಗೆ ಹೇಳುತ್ತಿದ್ದ ಮಾತನ್ನೇ ಹೇಳಿದರು: "ಹೂಂ, ಬರಿ."

ಸೊಸೆ ಕಿಟಾರನೆ ಕಿರುಚಿದಳು. ತೆರೆ ಕೆಂಪಾಯಿತು. ಕ್ಯಾಮೆರಾದ ಮುಂದೆ ಎರಡನೆಯ ಮುಖ ಕಂಡುಬಂದಿರುವುದರಿಂದ ಪರೀಕ್ಷೆ ನಿಲ್ಲಿಸಲಾಗಿದೆ, ವಿಚಾರಣೆಗೆ ಹಾಜರಾಗಿ ಎಂದು ಬರಹ ಮೂಡಿತು.

"ಯಾಕೆ ಬಂದ್ರಿ ಅತ್ತೆ? ಬರಬೇಡಿ ಅಂತ ಹೇಳಿದ್ನಲ್ಲ!"

"ನೀರು... ನೀರು ಬೇಕೇನೋ ಅಂತ ಬಂದೆ ಕಣೇ."

ಬಾಯಿಗೆ ಬಂದ ಮೊದಲ ಸುಳ್ಳು ಅದು. ಸೊಸೆ ಅದನ್ನು ನಂಬಿದಳು. ಅತ್ತ ಮೇಲೆ ಕಣ್ಣೊರೆಸಿಕೊಂಡು, "ಬಿಡಿ, ನಿಮಗೇನು ಗೊತ್ತು, ಪ್ರೀತಿಯಿಂದ ಬಂದ್ರಿ" ಎಂದಳು. ಅತ್ತೆ ಎದ್ದು ಹೋಗಿ ಅರ್ಧ ಬಿಡಿಸಿದ್ದ ಸೊಪ್ಪಿನ ಮುಂದೆ ಕೂತರು.

ವಿಚಾರಣೆಯೂ ಅದೇ ಲ್ಯಾಪ್‌ಟಾಪಿನಲ್ಲಿ. ಅತ್ತೆ ಸೊಸೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. ತೆರೆಯಲ್ಲಿ ಕನ್ನಡಕದ ಅಧಿಕಾರಿಯೊಬ್ಬ ಕಾಣಿಸಿಕೊಂಡ.

"ಹಿಂದಿನಿಂದ ಬಂದು, ಉತ್ತರದ ಮೇಲೆ ಬೆರಳಿಟ್ಟು, ಬರಿ ಅಂದಿದ್ದೀರಿ. ಹೇಳಿಕೊಟ್ರಿ ತಾನೆ?"

"ಇಲ್ಲ ಸ್ವಾಮಿ. ನೀರು ಕೊಡೋಕೆ ಹೋಗಿದ್ದೆ."

"ಲೋಟ ಎಲ್ಲಿ? ನಿಮ್ಮ ಎರಡೂ ಕೈ ಖಾಲಿ ಇದೆಯಲ್ಲ ಈ ವಿಡಿಯೋದಲ್ಲಿ."

ಅತ್ತೆ ತಮ್ಮ ಕೈಗಳನ್ನು ನೋಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. "ನಿಜ ಸ್ವಾಮಿ, ನಾನೇನೂ ಹೇಳಿಕೊಡ್ಲಿಲ್ಲ."

"ಎಲ್ರೂ ಹೀಗೇ ಹೇಳೋದಮ್ಮ."

ಆ ಮಾತು ಅವರದೇ. ಅಳುತ್ತ ನಿಂತ ಎಷ್ಟು ಹುಡುಗಿಯರಿಗೆ ಅದನ್ನು ಹೇಳಿ ಹೊರಗೆ ಕಳಿಸಿದ್ದರೋ! ಪಕ್ಕದಲ್ಲಿ ಸೊಸೆ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ನೀರಿನ ಸುಳ್ಳನ್ನೇ ಹಿಡಿದು ಕೂತರೆ ಅವಳ ಪದವಿ ಹೋಗುತ್ತದೆ. ನಿಜ ಹೇಳಿದರೆ ಅವಳೇ ಹೋಗುತ್ತಾಳೆ.

"ನಾನು ಹೇಳಿಕೊಡೋಕೆ ಹೋಗ್ಲಿಲ್ಲ," ಅತ್ತೆ ತೆರೆಯನ್ನು ನೋಡಿಯೇ ಹೇಳಿದರು. "ಹಿಡಿಯೋಕೆ ಹೋಗಿದ್ದೆ."

"ಯಾರನ್ನ?"

"ಇವಳನ್ನ. ಕಾಪಿ ಹೊಡೀತಾಳೆ ಅಂದ್ಕೊಂಡೆ. ಬೇಕಿದ್ರೆ ಮೊದಲಿಂದ ಹಾಕಿ ನೋಡಿ. ಹೇಳಿಕೊಡೋಕೆ ಬಂದೋಳು ಹಾಸಿಗೆ ಎತ್ತಿ ನೋಡ್ತಾಳಾ? ಮೇಜಿನ ಕೆಳಗೆ ಬಗ್ತಾಳಾ?"

ಅಧಿಕಾರಿ ಮೊದಲಿಂದ ಹಾಕಿದ. ಮೂವರೂ ನೋಡಿದರು. ಮುಂದೆ ಸೊಸೆ, ತನ್ನಷ್ಟಕ್ಕೆ ತಾನು ಬರೆಯುತ್ತಿದ್ದಾಳೆ. ಅವಳ ಹಿಂದೆ ಅತ್ತೆ, ಕಳ್ಳಬೆಕ್ಕಿನ ಹೆಜ್ಜೆ ಇಡುತ್ತ, ಹಾಸಿಗೆ ಎತ್ತುತ್ತ. ತಪಾಸಣೆಯ ಹೊತ್ತಿಗೆ ತಮ್ಮ ಮುಖ ಹೇಗಿರುತ್ತದೆ ಎಂಬುದನ್ನು ಹದ್ದಕ್ಕ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಇಂದು ಕಂಡರು. ಅವರಿಗೆ ಅದು ಅಸಹ್ಯವೆನಿಸಿತು.

ಅಧಿಕಾರಿ ಮೊದಲು ನಕ್ಕ. ಸೊಸೆಯ ಮುಖ ನೋಡಿ ನಗು ನಿಲ್ಲಿಸಿದ. "ಇನ್ನೊಂದು ಅವಕಾಶ ಕೊಡ್ತೀವಿ" ಎಂದ.

ಪದವಿ ಉಳಿಯಿತು.  ಸೊಸೆ ಬೈದಿದ್ದರೆ ಅತ್ತೆಗೆ ಹಗುರಾಗುತ್ತಿತ್ತು. ಅವಳು ಎಂದಿನಂತೆ ಬಡಿಸಿದಳು, ಎಂದಿನಂತೆ ಪಾತ್ರೆ ಒತ್ತರಿಸಿದಳು, ಅಂಗಡಿಯಿಂದ ಬರುವಾಗ ಬಡಗಿಯನ್ನು ಕರೆತಂದು ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಪಕ್ಕದ ಮನೆಯವಳು ತಮಾಷೆ ಮಾಡಿದರೆ ಇಬ್ಬರೂ ನಗಲಿಲ್ಲ.

ಮರುಪರೀಕ್ಷೆಯ ದಿನ ಬೆಳಿಗ್ಗೆ ಅತ್ತೆ ತಾವೇ ಹೊರಬಾಗಿಲ ಮೆಟ್ಟಿಲಿಗೆ ಹೋಗಿ ಕೂರಲು ಎದ್ದರು. ಸೊಸೆ ಕೋಣೆಯ ಹೊಸ್ತಿಲಲ್ಲಿ ತಡೆದಳು.

"ಅತ್ತೆ, ಮೊದಲು ತಪಾಸಣೆ ಮಾಡಿಬಿಡಿ. ಆಮೇಲೆ ಅನುಮಾನ ಬೇಡ."

ಹೇಳಿದವಳೇ ಎರಡೂ ತೋಳು ಅಗಲಿಸಿ ನಿಂತಳು. ಹಾಲಿನ ಬಾಗಿಲಲ್ಲಿ ಆ ಹುಡುಗಿಯರೆಲ್ಲ ಹೀಗೆಯೇ ನಿಲ್ಲುತ್ತಿದ್ದರು, ಎತ್ತಲೋ ನೋಡುತ್ತ. ಹದ್ದಕ್ಕನ ಕೈ ಮೇಲೇಳಲಿಲ್ಲ.

"ಬೇಡ ಕಣಮ್ಮ," ಎಂದರು. "ಹೋಗು, ಬರಿ."

ಸೊಸೆ ತೋಳು ಇಳಿಸಿ ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಅತ್ತೆಗೆ ಕೇಳಿಸಿತು. ಅದು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಅವಳು ಬಾಗಿಲನ್ನು ಇನ್ನೊಮ್ಮೆ ಜಗ್ಗಿ ನೋಡಿದ ಸದ್ದೂ ಕೇಳಿಸಿತು.