ಅಳಿಸದೆ ಉಳಿದ ಪುಟ

ಭಾವ ನನಗೆ ಮೊದಲ ಸಲ ಹೊಡೆದದ್ದು ಪ್ರಿಂಟರಿನ ಕಾರಣಕ್ಕೆ. ಆಗ ನಾನು ಪೈಪ್ ಕಾರ್ಖಾನೆಯ ಕಂಪ್ಯೂಟರ್ ಕೋಣೆಗೆ ಸೇರಿ ಮೂರು ತಿಂಗಳಾಗಿತ್ತು. ಆ ಕೆಲಸ ಕೊಡಿಸಿದವನೂ ಅವನೇ. ಅಕ್ಕನ ಗಂಡ, ಗೋದಾಮಿನ ಮೇಸ್ತ್ರಿ.

ಕಾರ್ಖಾನೆಯ ಒಂಬತ್ತು ಪ್ರಿಂಟರುಗಳಿಗೂ ಒಂದೇ ಸರ್ವರ್. ಯಾರು ಏನೇ ಪ್ರಿಂಟ್ ಕೊಟ್ಟರೂ ಅದು ಮೊದಲು ಸರ್ವರಿನ ಒಂದು ಫೋಲ್ಡರಿಗೆ ಬಂದು ಸರದಿ ನಿಲ್ಲುತ್ತದೆ. ಕಾಗದದ ಮೇಲೆ ಅಚ್ಚಾದ ಮೇಲೆ ತಾನಾಗಿ ಅಳಿಯಬೇಕು. ಕೆಲವು ಅಳಿಯುವುದಿಲ್ಲ. ಕಾಗದ ಸಿಕ್ಕಿಕೊಂಡರೆ, ಯಾರಾದರೂ ಮಧ್ಯದಲ್ಲಿ ಸ್ವಿಚ್ ಆರಿಸಿದರೆ ಅಲ್ಲೇ ಕೂತುಬಿಡುತ್ತವೆ, ಹೆಸರಿನ ಬದಲು ಬರೀ ಅಂಕಿ ಹೊತ್ತುಕೊಂಡು. ಅಂಥವನ್ನೆಲ್ಲ ನಾನು ಒಂದು ದಿನ ಒಟ್ಟಿಗೆ ಅಳಿಸಿದೆ. ಅದರಲ್ಲಿ ಲಾರಿಯ ಸರಕಿನ ಜೊತೆ ಹೋಗಬೇಕಾದ ಗೋದಾಮಿನ ಚಲನ್‌ಗಳಿದ್ದವು. ನಾಲ್ಕು ಲಾರಿ ಮಧ್ಯಾಹ್ನದವರೆಗೆ ಗೇಟಿನಲ್ಲಿ ನಿಂತವು. ಭಾವ ಮಹಡಿ ಹತ್ತಿ ಬಂದು, ಕಾಲರ್ ಹಿಡಿದು ಕೆಳಗೆ ಎಳೆದೊಯ್ದು, ಹಮಾಲರ ಮುಂದೆ ನಿಲ್ಲಿಸಿ ಕೆನ್ನೆಗೆ ಬಿಗಿದ. ಎರಡು ದಿನ ಕಿವಿ ಗುಂಯ್ ಅನ್ನುತ್ತಿತ್ತು.

"ಸಂಜೆ ಕಾಲೇಜಲ್ಲಿ ಓದಿದ್ದಲ್ವಾ, ತಲೆಗೆ ಬರೀ ಕತ್ತಲೆ ತುಂಬಿದೆ" ಎಂದ. ಹಮಾಲರು ನಕ್ಕರು. ನಾನೂ ನಕ್ಕೆ.

ಅಂದಿನಿಂದ ಕೇಳದೆ ಏನನ್ನೂ ಅಳಿಸುವುದಿಲ್ಲ. ಉಳಿದ ಫೈಲುಗಳ ಪಟ್ಟಿ ಹಿಡಿದು, ಇದು ಬೇಕೆ ಅದು ಬೇಕೆ ಎಂದು ವಿಭಾಗ ವಿಭಾಗ ಸುತ್ತುತ್ತೇನೆ. ಉತ್ತರ ಸಿಗದವನ್ನು 'ಅನುಮಾನ' ಎಂಬ ಬೇರೆ ಫೋಲ್ಡರಿಗೆ ಸರಿಸಿಡುತ್ತೇನೆ. ಎಚ್ಚರಿಕೆಯೇ ಇದು, ಇಲ್ಲ ಹೆದರಿಕೆಯೇ, ಇವತ್ತಿಗೂ ಹೇಳಲಾರೆ.

ಅಕ್ಕನಿಗೆ ಬಿದ್ದದ್ದು ಕೆನ್ನೆಗಷ್ಟೇ ಅಲ್ಲ. ಹನ್ನೊಂದು ವರ್ಷದಲ್ಲಿ ಎರಡು ಪಕ್ಕೆಲುಬು, ಒಂದು ಮಣಿಕಟ್ಟು. ಕೊನೆಯ ಸಲ ಕುಕ್ಕರಿನ ಮುಚ್ಚಳದಿಂದ ಹುಬ್ಬು ಸೀಳಿದ. ಒಂಬತ್ತು ಹೊಲಿಗೆ. ಅವನ್ನು ಬಿಚ್ಚಿಸಿಕೊಂಡ ದಿನವೇ ಅವಳು ಮಗಳ ಕೈ ಹಿಡಿದು ಮನೆ ಬಿಟ್ಟಳು. ಊರಿನ ಆಚೆ ತುದಿಯಲ್ಲಿ, ಗಾಜಿನಂಗಡಿಯ ಮೇಲಿನ ಕೋಣೆಯನ್ನು ಹುಡುಕಿಕೊಟ್ಟವನು ನಾನು. ವಿಳಾಸ ನನ್ನ ಬಾಯಿಂದ ಹೊರಗೆ ಬರುವುದಿಲ್ಲ ಎಂದು ಅವಳ ತಲೆ ಮುಟ್ಟಿ ಹೇಳಿದ್ದೆ. ಏಕೆಂದರೆ ಭಾವ ಗೋದಾಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ: "ಸಿಗಲಿ. ಈ ಸಲ ಹೊಲಿಯೋಕೂ ಏನೂ ಉಳಿಸಲ್ಲ."

ಮಗಳನ್ನು ಹೊಸ ಶಾಲೆಗೆ ಸೇರಿಸಲು ಅಕ್ಕನಿಗೆ ಹೊಸ ವಿಳಾಸವಿರುವ ಒಂದು ಪತ್ರ ಬೇಕಾಗಿತ್ತು. ಊಟದ ಹೊತ್ತಿನಲ್ಲಿ ಟೈಪ್ ಮಾಡಿ, ಅಕೌಂಟ್ಸ್ ಕೋಣೆಯ ಪ್ರಿಂಟರಿಗೆ ಕಳಿಸಿದೆ. ಅದು ಅರ್ಧ ನುಂಗಿ ನಿಂತಿತು. ಹರಿದ ಕಾಗದವನ್ನು ಎಳೆದು ಜೇಬಿಗೆ ಹಾಕಿಕೊಂಡೆ. ಕೊನೆಗೆ ಅಕ್ಕ ಶಾಲೆಗೆ ಕೈಯಲ್ಲೇ ಬರೆದು ಕೊಟ್ಟಳು. ಕಾಗದ ನನ್ನ ಜೇಬಿನಲ್ಲಿದೆಯಲ್ಲ, ಅಲ್ಲಿಗೆ ಮುಗಿಯಿತು ಅಂದುಕೊಂಡೆ. ದಿನವೂ ಇದೇ ಕೆಲಸ ಮಾಡುವವನು ಹಾಗೆ ಅಂದುಕೊಂಡೆ.

ಎರಡು ವಾರದ ನಂತರ ಒಂದು ಬೆಳಿಗ್ಗೆ ಅಕೌಂಟ್ಸ್ ಪ್ರಿಂಟರ್ ಪೂರ್ತಿ ಕೆಟ್ಟಿತು. ರಿಪೇರಿಯವನು ಬರುವವರೆಗೆ ಅದಕ್ಕೆ ಬರುವುದೆಲ್ಲ ಗೋಡೆಯಾಚೆ ಇರುವ ಗೋದಾಮಿನ ಪ್ರಿಂಟರಿನಲ್ಲಿ ಬರಲಿ ಎಂದು ಸರ್ವರಿನಲ್ಲಿ ತಿರುಗಿಸಿದೆ. ಹಾಗೇ, ಫೋಲ್ಡರ್ ತುಂಬಿತ್ತೆಂದು ಪ್ರಿಂಟ್ ಸೇವೆ ನಿಲ್ಲಿಸಿ ಶುಚಿ ಮಾಡಲು ಕೂತೆ. ಯಾರೂ ತಮ್ಮದೆನ್ನದ ಮೂವತ್ತೊಂದು ಫೈಲು 'ಅನುಮಾನ' ಫೋಲ್ಡರಿಗೆ ಹೋದವು. ಭಾವನ ಫೋನ್ ಬಂತು.

"ನಿನ್ನೆ ಸಂಜೆ ಚಲನ್ ಎಲ್ಲೋ?"

"ಬೆಳಿಗ್ಗೆ ಬಂದು ಕೇಳಿದ್ನಲ್ಲ ಭಾವ, ಯಾರೂ ಏನೂ..."

"ಲಾರಿ ನಿಂತಿದೆ. ಐದು ನಿಮಿಷ. ಇಲ್ಲಾಂದ್ರೆ ಮೇಲೆ ಬರ್ತೀನಿ. ಈ ಸಲ ಕೆನ್ನೆ ಅಲ್ಲ."

ಒಂದೊಂದಾಗಿ ತೆಗೆದು ನೋಡಬಹುದಿತ್ತು. ಮೂವತ್ತೊಂದನ್ನೂ ಒಟ್ಟಿಗೆ ವಾಪಸು ಹಾಕಿ ಸೇವೆ ಶುರು ಮಾಡಿದೆ. ಪರದೆಯ ಮೇಲೆ ಸಾಲುಗಳು ಎದ್ದವು. ಚಲನ್, ಚಲನ್, ಚಲನ್. ಹನ್ನೆರಡನೆಯದರ ಎದುರು ನನ್ನ ಹೆಸರಿತ್ತು. 'ಶಾಲೆಗೆ ಪತ್ರ. ಒಂದು ಪುಟ. ಅಚ್ಚಾಗುತ್ತಿದೆ.' ಅಕೌಂಟ್ಸಿಗೆಂದು ಕಳಿಸಿದ್ದು, ಈಗ ಗೋದಾಮಿನಲ್ಲಿ. ರದ್ದು ಒತ್ತಿದೆ. ಮತ್ತೆ ಒತ್ತಿದೆ. ಸಾಲು ಮಾಯವಾಯಿತು, ಆದರೆ ರದ್ದಾಗಿ ಅಲ್ಲ.

ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ನೆನಪಿಲ್ಲ. ಭಾವ ಪ್ರಿಂಟರಿನ ಮುಂದೆ ನಿಂತು ಚಲನ್ ಎಣಿಸುತ್ತಿದ್ದ. ಬೆರಳಿಗೆ ಉಗುಳು ಹಚ್ಚಿ, ಒಂದೊಂದಾಗಿ.

"ಭಾವ, ಅದ್ರಲ್ಲಿ ಅಕೌಂಟ್ಸ್ ಕಾಗದ ಸೇರ್ಕೊಂಡಿದೆ. ಕೊಡಿ, ನಾನು ಬೇರೆ ಮಾಡ್ತೀನಿ."

"ಇದೇನು ಬಾಮೈದ, ಇಷ್ಟು ಮರ್ಯಾದೆ" ಎಂದು ತಲೆ ಎತ್ತದೆ ಇನ್ನೊಂದು ಹಾಳೆ ತಿರುವಿದ. ನಾನು ಕೈ ಹಾಕಿದೆ. ಹಾಕಬಾರದಿತ್ತು. ಆಗ ಅವನು ಓದಿದ.

ಓದಿ ಮುಗಿಸಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿಗಿಟ್ಟ. ಆಮೇಲೆ ನನ್ನ ಬಲಗೈಯನ್ನು ಮೇಜಿಗೊತ್ತಿ ಹಿಡಿದು, ಚಲನ್‌ಗಳಿಗೆ ತೂತು ಹೊಡೆಯುವ ಕಬ್ಬಿಣದ ಪಂಚನ್ನು ಎತ್ತಿ ಕುಟ್ಟಿದ. ಎರಡು ಬೆರಳು ಒಣ ಕಡ್ಡಿಯ ಹಾಗೆ ಮುರಿದವು. ನಾನು ಬಾಗಿದಾಗ ಕೂದಲು ಹಿಡಿದು ಮುಖವನ್ನು ಪೈಪಿನ ರಾಶಿಗೆ ಬಡಿದ. ಬಾಯಿಯಲ್ಲಿ ಹಲ್ಲಿನ ಚೂರು, ಉಪ್ಪು.

"ನನ್ನ ಅನ್ನ ತಿಂದು ನನ್ನಿಂದ್ಲೇ ಅವಳ ಮನೆ ಮುಚ್ಚಿಡ್ತೀಯಾ? ಗಾಜಿನಂಗಡಿ ಮೇಲಂತೆ. ಒಳ್ಳೇದಾಯ್ತು. ಅಲ್ಲಿ ಚೂರಿಗೇನೂ ಬರ ಇಲ್ಲ."

ಅವನು ಬೈಕಿನ ಕೀಲಿ ತೆಗೆದ. ನಾನು ಎಡಗೈಯಲ್ಲಿ ಅಕ್ಕನಿಗೆ ಫೋನ್ ಮಾಡಿದೆ. ಆಫ್ ಆಗಿತ್ತು. ಆಫ್ ಮಾಡಿಡು ಎಂದವನು ನಾನೇ. ಪೊಲೀಸರಿಗೆ ಹೇಳಿ, ಅವರು ಬರೆದುಕೊಂಡು ಹೊರಡುವುದರೊಳಗೆ ಇವನು ಅಕ್ಕನ ಮನೆಯ ಮೆಟ್ಟಿಲು ಹತ್ತಿರುತ್ತಾನೆ. ಹಮಾಲರ ಕಡೆ ನೋಡಿದೆ. ಆರು ಜನ, ಒಬ್ಬೊಬ್ಬನೂ ಎರಡು ಮೂಟೆ ಎತ್ತುವವನು.

"ಹಿಡ್ಕೊಳ್ರೋ ಅವರನ್ನ."

"ಗಂಡ ಹೆಂಡ್ತಿ ವಿಷಯ ಕಣಪ್ಪ ಕಂಪ್ಯೂಟರ್" ಎಂದ ಅವರಲ್ಲಿ ಹಿರಿಯ. "ನಾವ್ಯಾಕೆ ಮಧ್ಯೆ?"

ರಾಶಿಯ ತುದಿಯಲ್ಲಿ ಮೊಳದುದ್ದದ ತುಂಡು ಪೈಪ್ ಇತ್ತು. ಎಡಗೈಯಲ್ಲೇ ಎತ್ತಿಕೊಂಡೆ. ಜೀವಮಾನದಲ್ಲಿ ಯಾರಿಗೂ ಹೊಡೆದವನಲ್ಲ. ಮೊದಲನೆಯದು ತೊಡೆಗೆ ಬಿತ್ತು, ಅವನಿಗೆ ನಗುವೇ ಬಂತು. ಎರಡನೆಯದು ಮಂಡಿಗೆ ಬಿತ್ತು. ಬಿದ್ದವನು ನನ್ನ ಕಾಲು ಎಳೆದು ಕೆಡವಿ ಎದೆಯ ಮೇಲೇರಿ ಕುತ್ತಿಗೆ ಅಮುಕಿದ. ಕಣ್ಣಿನ ಅಂಚು ಕಪ್ಪಾಗತೊಡಗಿತು. ಕೈಗೆ ಪೈಪ್ ಸಿಕ್ಕಿತ್ತು, ಅದೇ ಮಂಡಿಗೆ ಮತ್ತೆ ಬಡಿದೆ. ಅವನು ಉರುಳಿದ. ನಾನು ಎದ್ದು ನಿಂತು ಮತ್ತೊಂದು, ಮತ್ತೊಂದು. ಮೂಳೆ ಒಡೆದ ಮೇಲೆ ಸದ್ದು ಬೇರೆಯಾಗುತ್ತದೆ, ಹಸಿಯಾಗುತ್ತದೆ. ಅವನು ಇನ್ನು ಬೈಕ್ ಹತ್ತಲಾರನೆಂದು ಗೊತ್ತಾದ ಮೇಲೂ ಮೂರು ಏಟು ಹೊಡೆದೆ. ಆ ಮೂರರ ಲೆಕ್ಕ ಅಕ್ಕನ ತಲೆಗೆ ಕಟ್ಟಲಾರೆ.

"ಸಾಕು ಬಿಡೋ, ಸತ್ತಾನು" ಎಂದು ಹಿರಿಯ ಹಮಾಲ ಪೈಪ್ ಕಿತ್ತುಕೊಂಡ. ಈಗ ಅವರಿಗೆ ಮಧ್ಯೆ ಬರಲು ಅಡ್ಡಿಯಿರಲಿಲ್ಲ. ಭಾವ ಕಿರುಚುತ್ತಿದ್ದ. ಕಿರುಚುತ್ತಲೇ ವಿಳಾಸ ಹೇಳುತ್ತಿದ್ದ, ಗಾಜಿನಂಗಡಿ, ಗಾಜಿನಂಗಡಿ, ಯಾರಾದರೂ ಹೋಗ್ರೋ ಎಂದು. ಯಾರೂ ಹೋಗಲಿಲ್ಲ. ಎಲ್ಲರೂ ಕೇಳಿಸಿಕೊಂಡರು.

ಆಟೋದವನು ನನ್ನ ಅಂಗಿ ನೋಡಿ ಮಾತಾಡದೆ ಓಡಿಸಿದ. ಅಕ್ಕ ಬಾಗಿಲು ತೆರೆದು, ಮೊದಲು ನನ್ನ ಹಿಂದೆ ಮೆಟ್ಟಿಲಲ್ಲಿ ಯಾರಾದರೂ ಇದ್ದಾರಾ ಎಂದು ನೋಡಿದಳು. ಆಮೇಲೆ ನನ್ನನ್ನು ಒಳಗೆಳೆದುಕೊಂಡಳು. ನಡೆದದ್ದೆಲ್ಲ ಹೇಳಿದೆ. ಹೇಳುತ್ತಿದ್ದಂತೆ ಅವಳು ಮಗಳ ಅಡಿಪಟ್ಟಿಯನ್ನು ನನ್ನ ಬೆರಳುಗಳಿಗೆ ಆನಿಸಿ ಬಟ್ಟೆ ಸುತ್ತಿದಳು.

"ಎಷ್ಟು ದಿನ ಮಲಗ್ತಾನೆ?"

"ಎರಡು ತಿಂಗಳಾದ್ರೂ ಬೇಕು."

"ಇನ್ನೊಂದು ಕಾಲು?"

"ಚೆನ್ನಾಗಿದೆ."

ಅವಳು ಮಂಚದಡಿಯಿಂದ ಚೀಲ ಎಳೆದು ಬಟ್ಟೆ ತುಂಬತೊಡಗಿದಳು.

"ನಾನು ಪೊಲೀಸ್ ಸ್ಟೇಷನ್ನಿಗೆ ಹೋಗ್ಬೇಕು ಅಕ್ಕ. ಬಿಟ್ರೆ, ಬೇರೆ ಮನೆ ಹುಡುಕ್ತೀನಿ."

"ಬೇಡ. ಈ ಸಲ ನಾನೇ ಹುಡುಕ್ಕೋತೀನಿ." ಮಗಳ ಇನ್ನೊಂದು ಜೊತೆ ಸಮವಸ್ತ್ರವನ್ನು ಮಡಿಸಿ ಎಲ್ಲಕ್ಕಿಂತ ಮೇಲಿಟ್ಟಳು. "ಎಲ್ಲಿ ಅಂತ ನಿಂಗೂ ಹೇಳಲ್ಲ ಕಣೋ. ಸಿಟ್ಟಿಲ್ಲ. ಆದ್ರೂ ಹೇಳಲ್ಲ."

ನಾನು ಆಗಲಿ ಎಂದೆ. ಅವಳು ನನ್ನ ಮುಖ ಒರೆಸಿದಳು, ಚೀಲ ಹೆಗಲಿಗೇರಿಸಿ ಶಾಲೆಯಿಂದ ಮಗಳನ್ನು ಕರೆದುಕೊಳ್ಳಲು ಹೊರಟಳು. ಯಾವ ರಸ್ತೆ ಹಿಡಿದಳೆಂದು ನೋಡದಿರಲು ನಾನು ಅಲ್ಲೇ ಗೋಡೆಗೆ ಮುಖ ಮಾಡಿ ನಿಂತೆ.