ಅಳಿಸಿದ ನಂಬರು

ರಾಯಚೂರಿನ ತೀನ್ ಕಂದಿಲ್ ಹತ್ತಿರ ಪಾತ್ರೆ ಅಂಗಡಿಗಳ ಸಾಲಿನಲ್ಲಿ ಪೀರಾ ಸಾಬ್ ಕೂಡುತ್ತಿದ್ದ ಜಾಗ ಗೋಣಿತಟ್ಟಿನಷ್ಟೇ ಅಗಲ. ಮುಂದೆ ಒಂದು ಮರದ ದಿಮ್ಮಿ, ಸಣ್ಣ ಸುತ್ತಿಗೆ, ಏಳೆಂಟು ಉಳಿ, ಉಕ್ಕಿನ ಅಂಕಿ ಅಚ್ಚುಗಳ ಡಬ್ಬಿ. ಕೊಡ, ತಂಬಿಗೆ ಕೊಂಡವರು ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೆಸರು ಹೇಳುತ್ತಿದ್ದರು. ಮದುವೆಯ ಹುಡುಗಿಯ ಹೆಸರು, ತವರಿನವರ ಹೆಸರು, ಸತ್ತವರ ನೆನಪಿಗೆ ಬೀಗರಿಗೆ ಹಂಚುವ ತಂಬಿಗೆಯಾದರೆ ಸತ್ತವರ ಹೆಸರು. ಕೊರೆಯುವುದಕ್ಕೆ ಅವನು ಯಾವತ್ತೂ ಇಲ್ಲ ಎಂದವನಲ್ಲ. ಅಳಿಸುವ ಮಾತು ಬಂದರೆ ಮಾತ್ರ ಮುಖ ಗಂಟು ಹಾಕುತ್ತಿದ್ದ. "ಹೆಸರಿನವರನ್ನ ಕರ್ಕೊಂಡು ಬರ್ರಿ, ಅವರಿಲ್ಲಂದ್ರ ಮನಿಯವರನ್ನ ಕರ್ಕೊಂಡು ಬರ್ರಿ" ಎನ್ನುತ್ತಿದ್ದ. ಅದು ಅವನ ತಂದೆ ಹಾಕಿಕೊಟ್ಟ ಕಟ್ಟಳೆ. ಹಾಗಾಗಿ ಕದ್ದ ಪಾತ್ರೆ ಅವನ ದಿಮ್ಮಿಯ ಮೇಲೆ ಕೂತದ್ದಿಲ್ಲ. ಅದರ ಜಂಬವೂ ಅವನಿಗೆ ಸ್ವಲ್ಪ ಇತ್ತು.

ಇಂಥ ಕಟ್ಟುನಿಟ್ಟಿನ ಮನುಷ್ಯ ೧೯೮೩ರ ಆಷಾಢದಲ್ಲಿ ಮುಗ್ಗರಿಸಿದ್ದು ಪಾತ್ರೆಯ ವಿಷಯದಲ್ಲಲ್ಲ, ಒಂದು ಮೋಟರ್ ಸೈಕಲ್ಲಿನ ವಿಷಯದಲ್ಲಿ.

ಹಳೆಯ ಗಾಡಿಗಳನ್ನು ಕೊಂಡು ಮಾರುವ ವಿರೂಪಣ್ಣ ಒಂದು ಮಧ್ಯಾಹ್ನ ಅವನನ್ನು ಮಾನ್ವಿ ರಸ್ತೆಯ ತನ್ನ ತಗಡಿನ ಶೆಡ್ಡಿಗೆ ಕರೆದೊಯ್ದ. ಒಳಗೆ ಕಪ್ಪು ರಾಜದೂತ್ ಮೋಟರ್ ಸೈಕಲ್ ನಿಂತಿತ್ತು. ಶೆಡ್ಡಿನ ಬಾಗಿಲನ್ನು ವಿರೂಪಣ್ಣ ಹಗಲಿನಲ್ಲೇ ಮುಂದೆ ಮಾಡಿದ. ಪೀರಾ ಸಾಬನಿಗೆ ಅದೇಕೋ ಸರಿಬರಲಿಲ್ಲ.

"ನಂಬರ್ ಹಾಕಬೇಕು, ಸಾಬಣ್ಣ."

"ಮುಂದ ಪಟ್ಟಿ ಮ್ಯಾಲ ಬರ್ದೇ ಅದಲ್ಲರೀ."

"ಅದು ಬರೀ ಬಣ್ಣ. ಯಾರು ಬೇಕಾದ್ರೂ ಬರೀಬಹುದು. ಖರೇ ನಂಬರ್ ಇಲ್ಲದ ನೋಡು." ವಿರೂಪಣ್ಣ ಹ್ಯಾಂಡಲನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದ. ದೀಪದ ಹಿಂದೆ, ಹ್ಯಾಂಡಲನ್ನು ಹಿಡಿದಿರುವ ಕತ್ತಿನ ಕೊಳವೆಯ ಮೇಲೆ ಮಣ್ಣು, ಗ್ರೀಸು ಮೆತ್ತಿತ್ತು. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದ ಮೇಲೆ ಅಂಕಿಗಳು ಒಂದೊಂದಾಗಿ ಕಂಡವು. "ಎಂಜಿನ್ ಮ್ಯಾಲ ಒಂದಿರ್ತದ, ಅದರ ಚಿಂತಿ ಇಲ್ಲ, ಎಂಜಿನ್ ಬ್ಯಾರೇದು ಕುಂದ್ರಿಸೀನಿ. ಇದನ್ನ ಅರದು, ಈ ಚೀಟಿಯಾಗಿಂದು ಹೊಡಿ. ತುಕ್ಕು ತಿಂದದ, ಆರ್.ಟಿ.ಓ. ಆಫೀಸಿನವ್ರು ಹೊಸಾದು ಹಾಕ್ಸು ಅಂದಾರ."

ತುಕ್ಕೇನೂ ತಿಂದಿರಲಿಲ್ಲ. ಪೀರಾ ಸಾಬ್ ಕಸುಬಿನ ಕಣ್ಣಿನಿಂದ ನೋಡಿದ. ಕೊನೆಯ ಎಂಟು ಬಲಕ್ಕೆ ವಾಲಿತ್ತು, ಅದರ ಹಿಂದಿನ ಮೂರಕ್ಕೆ ಪೆಟ್ಟು ಎರಡು ಸಲ ಬಿದ್ದಿತ್ತು. ಕಾರ್ಖಾನೆಯವರಿಗೆ ಕೈ ಕೂಡಿಲ್ಲ ಎಂದು ಮನಸ್ಸಿನಲ್ಲೇ ನಕ್ಕ. ಹೆಸರಾಗಿದ್ದರೆ ಯಾರದಿದು ಎಂದು ಕೇಳುತ್ತಿದ್ದ. ಇದು ನಂಬರು. ನಂಬರಿಗೆ ಹೆಂಡತಿಯೇ, ಮಕ್ಕಳೇ? ಅವನು ಅರ ಹಾಕಿ ಅಂಕಿಗಳನ್ನು ಅರೆದ. ಅರೆದ ಜಾಗ ತೆಳುವಾಯಿತೆಂದು ಹೊಸ ಅಂಕಿಗಳನ್ನು ಒಂದು ಬೆರಳು ಕೆಳಗೆ ಹೊಡೆದ. "ಮಾನ್ವಿ ಗಿರಣಿ ಶಂಭುಲಿಂಗಪ್ಪ ತಗೊಳ್ಳಾಕತ್ತಾನ. ದೊಡ್ಡ ಮನುಷ್ಯ, ಕೆಲಸ ಚಂದಾಗಿರಲಿ" ಎಂದು ವಿರೂಪಣ್ಣ ಎರಡೆರಡು ಸಲ ಹೇಳಿದ.

ಮೂರು ವಾರದ ಮೇಲೆ, ಕೆಂಪು ರುಮಾಲಿನ ಮುದುಕನೊಬ್ಬ ಗೋಣಿತಟ್ಟಿನ ಮುಂದೆ ಬಂದು ಕೂತ. ಅವನ ಹೆಸರು ಹುಸೇನಪ್ಪ, ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯವನು. ಮಗನ ನೆನಪಿಗೆ ಐದು ತಂಬಿಗೆ ಕೊಂಡಿದ್ದ.

"ವೆಂಕಣ್ಣ ಅಂತ ಹಾಕು, ಸಾಬಣ್ಣ. ದನದ ದವಾಖಾನಿಯಾಗ ಕಂಪೌಂಡರ್ ಇದ್ದ."

ಪೀರಾ ಸಾಬ್ ಕೊರೆಯುತ್ತಿದ್ದಂತೆ ಮುದುಕ ತಾನಾಗಿಯೇ ಹೇಳತೊಡಗಿದ. ಅರಕೇರಾ ದಾಟಿದ ಮೇಲೆ ಬರುವ ಹಳ್ಳದಲ್ಲಿ ಮಗನ ಹೆಣ ಸಿಕ್ಕಿತ್ತು. ತಲೆ ಒಡೆದಿತ್ತು, ಅವನು ಹತ್ತಿ ಹೋಗಿದ್ದ ರಾಜದೂತ್ ಗಾಡಿ ಇರಲಿಲ್ಲ. ಊರವರು ಕೂತು ತೀರ್ಮಾನ ಮಾಡಿಬಿಟ್ಟಿದ್ದರು. ವೆಂಕಣ್ಣ ಗಾಡಿ ಮಾರಿಕೊಂಡು, ಕುಡಿದು, ನಡೆದುಕೊಂಡು ಬರುವಾಗ ಹಳ್ಳಕ್ಕೆ ಬಿದ್ದ ಎಂದು. ಈಗ ಸೊಸೆ ಹುಲಗೆಮ್ಮ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಗಂಡನ ಕೈಗೆ ಬಾಟ್ಲಿ ಕೊಟ್ಟವಳೇ ಅವಳು ಎಂಬ ಮಾತೂ ಹುಟ್ಟಿತ್ತು.

"ನನ್ನ ಮಗ ಸೆರಿ ಮುಟ್ಟಿದಾವಲ್ಲ. ಗಾಡಿ ಸಿಕ್ರ ಎಲ್ಲಾರ ಬಾಯಿ ಮುಚ್ತದ. ನನಗ ಓದಾಕ ಬರಂಗಿಲ್ಲ, ಅದಕ್ಕ ಇದನ್ನ ಇಟ್ಕೊಂಡು ತಿರಗಾಕತ್ತೀನಿ."

ಹುಸೇನಪ್ಪ ರುಮಾಲಿನ ಮಡಿಕೆಯಿಂದ ತೆಳ್ಳನೆಯ ಕಾಗದವೊಂದನ್ನು ತೆಗೆದ. ಗಾಡಿ ಕೊಂಡಾಗ ಯಾರೋ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ಅದು. ದೇವದುರ್ಗ, ಮಾನ್ವಿ, ರಾಯಚೂರಿನ ಬಸ್ ನಿಲ್ದಾಣಗಳಲ್ಲಿ ನಿಂತ ಒಂದೊಂದು ರಾಜದೂತಿನ ಹ್ಯಾಂಡಲ್ ತಿರುಗಿಸಿ, ಕತ್ತಿನ ಮೇಲೆ ಈ ಕಾಗದ ಇಟ್ಟು ಹೊಂದಿಸಿ ನೋಡುತ್ತಿದ್ದನಂತೆ. ಕೆಲವರು ನಗುತ್ತಿದ್ದರು, ಒಬ್ಬ ಹೊಡೆದೂ ಇದ್ದ.

ಬಲಕ್ಕೆ ವಾಲಿದ ಎಂಟು. ಎರಡು ಪೆಟ್ಟಿನ ಮೂರು. ಪೀರಾ ಸಾಬನ ಕೈಯಲ್ಲಿದ್ದ ಉಳಿ ನಿಂತುಹೋಯಿತು. ತಂಬಿಗೆಯ ಮೇಲೆ ಅವನು ಆಗತಾನೇ ಮುಗಿಸಿದ್ದ ಹೆಸರನ್ನು ಅಂಗೈಯಿಂದ ಮುಚ್ಚಿದ.

"ಯಾಕೋ ಸಾಬಣ್ಣ, ನೋಡೀಯೇನು ಎಲ್ಲ್ಯಾರ?"

"ಇಲ್ಲಪ್ಪಾ" ಎಂದ ಪೀರಾ ಸಾಬ್.

ಬಜಾರಿನಲ್ಲಿ ವಿರೂಪಣ್ಣನಿಗೆ ಸುದ್ದಿ ಮುಟ್ಟಿಸುವವರಿದ್ದರು. ಮರುದಿನ ಬೆಳಿಗ್ಗೆ ಅವನೇ ಬಂದ. ಒಂದು ಹೊಸ ತಾಮ್ರದ ತಂಬಿಗೆಯನ್ನು ದಿಮ್ಮಿಯ ಮೇಲಿಟ್ಟು, ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡ.

"ಹೆಸರು ಹಾಕು."

"ಯಾರ್ದರೀ?"

"ನಿಂದ."

ರಸ್ತೆಯಲ್ಲಿ ಟಾಂಗಾಗಳು ಹೋಗುತ್ತಿದ್ದವು. ಪಕ್ಕದ ಅಂಗಡಿಯವನು ಗಿರಾಕಿಯ ಜೊತೆ ಚೌಕಾಸಿ ನಡೆಸಿದ್ದ. ವಿರೂಪಣ್ಣ ದನಿ ಏರಿಸಲಿಲ್ಲ. "ಮುದಕ ನಿನ್ನ ಹತ್ರ ಭಾಳ ಹೊತ್ತು ಕುಂತಿದ್ದನಂತ. ನೋಡು ಸಾಬಣ್ಣ, ನನಗೂ ಮಕ್ಕಳದಾವ. ನಾ ಯಾರನ್ನೂ ಹಳ್ಳಕ್ಕ ನೂಕಿಲ್ಲ. ಗಾಡಿ ಯಾರೋ ತಂದ್ರು, ನಾ ತಗೊಂಡೆ. ಎಲ್ಲಿಂದು ಅಂತ ನಾ ಕೇಳಲಿಲ್ಲ, ನೀನೂ ಕೇಳಲಿಲ್ಲ. ಆದ್ರ ತಂದಾವ್ರು ಒಳ್ಳೇ ಮಂದಿ ಅಲ್ಲ. ನಿನ್ನ ಓಣಿ ಅವ್ರಿಗೆ ಗೊತ್ತದ. ಹೊಡಿ, ನಾ ನೋಡ್ತೀನಿ."

ಪೀರಾ ಸಾಬ್ ತನ್ನ ಹೆಸರನ್ನು ತಾನೇ ಕೊರೆದ. ಇಷ್ಟು ವರ್ಷದ ಕಸುಬಿನಲ್ಲಿ ಮೊದಲ ಸಲ ಅವನ ಅಕ್ಷರ ಸೊಟ್ಟಗಾಯಿತು. ವಿರೂಪಣ್ಣ ತಂಬಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಅವನ ಮಡಿಲಿಗೇ ಹಾಕಿ ಎದ್ದುಹೋದ.

ಆ ಸಂಜೆ ಪೀರಾ ಸಾಬ್ ಊಟ ಬಿಟ್ಟ. "ಕ್ಯಾ ಹುವಾ ಜೀ?" ಎಂದು ಹೆಂಡತಿ ಮುನ್ನೀ ಬೀ ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಕೇಳಿ ಅವಳು ಮೊದಲು ಬಾಗಿಲಿಗೆ ಅಗಳಿ ಹಾಕಿದಳು. ಸುಮ್ಮನಿರು, ಎರಡು ಹೆಣ್ಣುಮಕ್ಕಳಿದ್ದಾರೆ, ನೀನು ಜೈಲಿಗೆ ಹೋದರೆ ಈ ಮನೆಯನ್ನು ನೋಡುವವರು ಯಾರು, ನೀನೇನು ತಿಳಿದು ಮಾಡಿದೆಯಾ ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹೆದರಿದ ತಾಯಿ ಇನ್ನೇನು ಹೇಳಿಯಾಳು?

"ಕೇಳದೇ ಮಾಡಿದೆ" ಎಂದ ಪೀರಾ ಸಾಬ್. "ನಂಬರು ಅಂತ ಕೇಳಲಿಲ್ಲ."

ಮುನ್ನೀ ಬೀ ತಟ್ಟೆಯಲ್ಲಿನ ರೊಟ್ಟಿಯನ್ನು ಮುರಿದು ಚೂರು ಮಾಡಿದಳು. ಆಮೇಲೆ, ಆ ಹುಲಗೆಮ್ಮನಿಗೆ ಎಷ್ಟು ವಯಸ್ಸು ಎಂದು ಕೇಳಿದಳು. ನಮ್ಮ ದೊಡ್ಡ ಮಗಳು ಜಾಹೆದಾಳಷ್ಟೇ ಇರಬೇಕು ಎಂದ ಅವನು. ಬೆಳಿಗ್ಗೆ ಎದ್ದವಳೇ ಅವಳು ಅವನ ಒಗೆದ ಅಂಗಿಯನ್ನು ತೆಗೆದಿಟ್ಟಳು.

ಬಸ್ ನಿಲ್ದಾಣದಲ್ಲಿ ಹುಸೇನಪ್ಪ ಎಂದಿನಂತೆ ಒಂದು ಗಾಡಿಯ ಮುಂದೆ ಬಗ್ಗಿ ನಿಂತಿದ್ದ. ಗಾಡಿಯ ಸುಳಿವು ಸಿಕ್ಕಿದೆ ಎಂದಷ್ಟೇ ಹೇಳಿ ಪೀರಾ ಸಾಬ್ ಅವನನ್ನು ಮಾನ್ವಿಗೆ ಕರೆದುಕೊಂಡು ಹೋದ. ಠಾಣೆಯಲ್ಲಿ ಫೌಜದಾರರಿಗೆ ಹೇಳಿದ್ದು ಇಷ್ಟೇ: "ಗಿರಣಿ ಶಂಭುಲಿಂಗಪ್ಪನವರ ಗಾಡಿ ನಂಬರ್ ಸುಳ್ಳದರೀ. ಬಣ್ಣದ ಅಡ್ಯಾಗ ಖರೇದು ಅದ, ತೆಗದು ತೋರಸ್ತೀನಿ." ಹೇಗೆ ಗೊತ್ತು ಎಂದಾಗ, ಪೆಟ್ಟು ನೋಡಿದರೆ ತಿಳೀತದ ಎಂದ. ಅಲ್ಲಿಯವರೆಗೂ ಅವನಿಗೆ ಪಾರಾಗುವ ಆಸೆ ಇತ್ತು.

ಗಿರಣಿಯ ಅಂಗಳದಲ್ಲಿ ಜನ ಸೇರಿದರು. ಶಂಭುಲಿಂಗಪ್ಪ ಕಂಗಾಲಾಗಿ ಗಾಡಿ ಮಾರಿದವನ ಹೆಸರು ಹೇಳಿದ. ವಿರೂಪಣ್ಣನನ್ನು ಜೀಪಿನಲ್ಲಿ ಕರೆತಂದರು. ಪೀರಾ ಸಾಬ್ ಹೊಸ ನಂಬರಿನ ಒಂದು ಬೆರಳು ಮೇಲೆ ಕತ್ತಿನ ಬಣ್ಣ ಕೆರೆದು, ನುಣ್ಣಗೆ ಉಜ್ಜಿ, ಅಕ್ಕಸಾಲಿಗನಿಂದ ತಂದಿದ್ದ, ಲೋಹ ತಿನ್ನುವ ತೇಜಾಬನ್ನು ಹನಿ ಹನಿಯಾಗಿ ಹಚ್ಚಿದ. ಅಚ್ಚಿನ ಪೆಟ್ಟು ಲೋಹದ ಒಳಗೂ ಇಳಿದಿರುತ್ತದೆ, ಮೇಲೆ ಅರೆದರೆ ಪೂರ್ತಿ ಹೋಗುವುದಿಲ್ಲ ಎಂಬುದು ಅವನ ಕಸುಬಿನವರಿಗೆ ಗೊತ್ತು. ಮಸುಕಾಗಿ ಮೂರು ಕಂಡಿತು, ಆಮೇಲೆ ಎಂಟು. ಹುಸೇನಪ್ಪ ಕಾಗದವನ್ನು ಪಕ್ಕಕ್ಕೆ ಹಿಡಿದು ಮಗುವಿನಂತೆ ಅಳತೊಡಗಿದ.

"ಇದನ್ನ ಅರದಾವ ಯಾರು?" ಫೌಜದಾರರು ಕೇಳಿದರು.

ವಿರೂಪಣ್ಣ ಪೀರಾ ಸಾಬನನ್ನು ಒಮ್ಮೆ ನೋಡಿದ. "ನನಗೇನು ಗೊತ್ತರೀ? ನಾ ತಗೊಂಡಾಗ ಹಿಂಗಽ ಇತ್ತು. ಯಾರೋ ದಾರಿಹೋಕರು ಮಾರಿ ಹೋದ್ರು. ಅವ್ರನ್ನ ಎಲ್ಲಿ ಹುಡುಕ್ಲಿ?"

ಈಗ ಬಾಯಿ ಮುಚ್ಚಿಕೊಂಡಿದ್ದರೆ ತಾನೂ ವಿರೂಪಣ್ಣನೂ ಇಬ್ಬರೂ ಉಳಿಯುತ್ತಿದ್ದರು. ಗಾಡಿ ಮುದುಕನಿಗೆ ಸಿಗುತ್ತಿತ್ತು, ವೆಂಕಣ್ಣನಿಗೆ ಏನಾಯಿತೆಂಬುದು ಅಲ್ಲಿಗೇ ನಿಲ್ಲುತ್ತಿತ್ತು. ಪೀರಾ ಸಾಬನಿಗೆ ಇದು ಚೆನ್ನಾಗಿ ಅರ್ಥವಾಯಿತು.

"ನಾನ್ರೀ ಸಾಹೇಬ್ರ" ಎಂದ. "ಈ ಕೈಲೇ ಅರದೀನಿ. ಅರಿ ಅಂತ ಹೇಳಿದಾವ ಇವ. ತಂದು ಕೊಟ್ಟಾವ್ರು ಇವಗ ಗೊತ್ತದಾರ, ನನ್ನ ಮುಂದ ಹೇಳ್ಯಾನ. ಬರಕೋರ್ರಿ."

ಹುಸೇನಪ್ಪ ಅವನ ಮುಖವನ್ನೇ ನೋಡುತ್ತ ನಿಂತ. ಬೈಯಲಿಲ್ಲ, ಆದರೆ ಪಕ್ಕದಿಂದ ಎರಡು ಹೆಜ್ಜೆ ಹಿಂದೆ ಸರಿದ. ಆ ಎರಡು ಹೆಜ್ಜೆ ಪೀರಾ ಸಾಬನಿಗೆ ಪೊಲೀಸರ ಕೈಗಿಂತ ಭಾರವಾಯಿತು.

ಪೇದೆ ಕಾಗದ ಬಿಚ್ಚಿ, "ಹೆಸರು ಹೇಳು" ಎಂದ.

"ಪೀರಾ ಸಾಬ್. ಅಪ್ಪನ ಹೆಸರು ಮೀರಾಹುಸೇನ."

"ನಿಲ್ಲು, ಸಾಬಣ್ಣ" ಎಂದ ಹುಸೇನಪ್ಪ. "ಮೊದಲ ನನ್ನ ಮಗಂದು ಬರಸು. ವೆಂಕಣ್ಣ ಗಾಡಿ ಮಾರ್ಕೊಂಡಿದ್ದಿಲ್ಲ ಅಂತ ಬರಸು."

ಪೀರಾ ಸಾಬ್ ಪೇದೆಯ ಕಡೆ ತಿರುಗಿ, ತನ್ನ ಹೆಸರನ್ನು ಸದ್ಯಕ್ಕೆ ಬಿಡಲು ಹೇಳಿ, ಆ ಮಾತನ್ನು ಒಂದಕ್ಷರ ತಪ್ಪದಂತೆ ಬರೆಸಿದ.